ಅಕ್ಷರ ಕಲಿಸಿದ ಕೈ, ಆರೈಕೆ ಮಾಡಿದ ಕೈ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರು ಸಾವಿತ್ರಿಬಾಯಿ ಫುಲೆಯವರದು. ಈ ಶಾಲೆಯಲ್ಲಿ 19 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಪ್ರತಿ ವರ್ಷ ಜನವರಿ 3ರಂದು ಅವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕಿ, ಮಕ್ಕಳಿಂದ ಭಾಷಣ ಮಾಡಿಸಿ, ಸಿಹಿ ಹಂಚಿದ್ದೇವೆ. ಆ ಭಾಷಣಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ದೇಶದ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಮೊದಲ ಶಿಕ್ಷಕಿಯರಲ್ಲಿ ಅವರೊಬ್ಬರು, ಶಾಲೆಗೆ ಹೋಗುವಾಗ ಜನ ಅವರ ಮೇಲೆ ಸಗಣಿ ಎರಚಿದರು, ಅವರು ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು ಎಂಬಲ್ಲಿಗೆ ಭಾಷಣ ಮುಗಿಯುತ್ತದೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿಗೆ ಅವರ ವಯಸ್ಸು ಇಪ್ಪತ್ತು ಕೂಡ ದಾಟಿರುವುದಿಲ್ಲ. ಅವರು ಬದುಕಿದ್ದು 66 ವರ್ಷ. ಉಳಿದ ನಲವತ್ತಕ್ಕೂ ಹೆಚ್ಚು ವರ್ಷ ಅವರು ಏನು ಮಾಡಿದರು ಎಂಬುದನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಆ ವರ್ಷಗಳಲ್ಲಿ ಅವರು ಮಾಡಿದ್ದು ಆರೈಕೆ. ಯಾರೂ ಮುಟ್ಟದವರನ್ನು ಮುಟ್ಟಿದರು, ಯಾರೂ ಮನೆಗೆ ಸೇರಿಸದವರನ್ನು ಸೇರಿಸಿಕೊಂಡರು, ಯಾರೂ ಮಾಡದ ಬಾಣಂತನ ಮಾಡಿದರು, ಕೊನೆಗೆ ಅದೇ ಕೆಲಸದಲ್ಲಿ ಪ್ರಾಣ ಬಿಟ್ಟರು. ಅವರು ತೀರಿಕೊಂಡ ದಿನ ಮಾರ್ಚ್ 10. ನಮ್ಮಲ್ಲಿ ಅದು ಪರೀಕ್ಷೆಯ ಗಡಿಬಿಡಿಯ ಕಾಲ. ಹಾಗಾಗಿ ಆ ದಿನ ಬಂದು ಹೋದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಈ ಲೇಖನದಲ್ಲಿ ಆ ಭಾಗವನ್ನೇ ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ.

ನಾಯಗಾಂವದ ಹುಡುಗಿ

ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಶಿರವಳ ಎಂಬ ಊರು ಸಿಗುತ್ತದೆ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ನಾಯಗಾಂವ. ಸಾವಿತ್ರಿಬಾಯಿ ಹುಟ್ಟಿದ್ದು ಅಲ್ಲಿ, 1831ರ ಜನವರಿ 3ರಂದು. ತಂದೆ ಖಂಡೋಜಿ ನೇವಸೆ ಪಾಟೀಲರು ಊರಿನ ಗೌಡಿಕೆಯ ಮನೆತನದವರು. ಆ ಕಾಲದ ಪದ್ಧತಿಯಂತೆ 1840ರಲ್ಲಿ, ಒಂಬತ್ತನೆಯ ವಯಸ್ಸಿಗೆ ಮದುವೆಯಾಯಿತು. ಗಂಡ ಜ್ಯೋತಿಬಾ ಫುಲೆಯವರಿಗೆ ಆಗ 13 ವರ್ಷ. ಹೂವಿನ ವ್ಯಾಪಾರ ಮಾಡುತ್ತಿದ್ದ ಮಾಳಿ ಮನೆತನ ಅದು. ಫುಲೆ ಎಂಬ ಅಡ್ಡಹೆಸರು ಬಂದದ್ದು ಹೂವಿನಿಂದಲೇ.

ಗಂಡನ ಮನೆಗೆ ಬಂದಾಗ ಸಾವಿತ್ರಿಬಾಯಿಗೆ ಓದು ಬರಹ ಬರುತ್ತಿರಲಿಲ್ಲ. ಜ್ಯೋತಿಬಾ ಹಸುಗೂಸಾಗಿದ್ದಾಗಲೇ ಅವರ ತಾಯಿ ಚಿಮಣಾಬಾಯಿ ತೀರಿಕೊಂಡಿದ್ದರು. ಅವರನ್ನು ಸಾಕಿ ಬೆಳೆಸಿದವರು ಸಗುಣಾಬಾಯಿ ಎಂಬ ಹತ್ತಿರದ ಸಂಬಂಧಿ. ಬಾಲವಿಧವೆಯಾಗಿದ್ದ ಆ ಹೆಂಗಸು ಮಿಷನರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ಪರರ ಮಕ್ಕಳನ್ನು ತನ್ನ ಮಕ್ಕಳಂತೆ ಸಾಕುವುದು ಹೇಗೆಂಬುದನ್ನು ಸಾವಿತ್ರಿಬಾಯಿ ಮೊದಲು ಕಂಡದ್ದು ಈ ಸಗುಣಾಬಾಯಿಯವರಲ್ಲೇ ಇರಬೇಕು ಎಂದು ನನಗೆ ಅನಿಸುತ್ತದೆ. ಜ್ಯೋತಿಬಾ ಹೆಂಡತಿಗೆ ಅಕ್ಷರ ಕಲಿಸಿದರು. ಆಮೇಲೆ ಸಾವಿತ್ರಿಬಾಯಿ ಅಹಮದನಗರದಲ್ಲಿ ಫರಾರ್ ಬಾಯಿಯವರ ಬಳಿ, ಪುಣೆಯಲ್ಲಿ ಮಿಚೆಲ್ ಬಾಯಿಯವರ ಬಳಿ ಶಿಕ್ಷಕಿಯ ತರಬೇತಿ ಪಡೆದರು.

1848ರಲ್ಲಿ ಪುಣೆಯ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಬೆರಳೆಣಿಕೆಯ ಹುಡುಗಿಯರು, ಹದಿನೇಳು ವರ್ಷದ ಶಿಕ್ಷಕಿ. ನಮ್ಮ ಹತ್ತನೆಯ ತರಗತಿಯ ಹುಡುಗಿಯರಿಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೆ. ದಾರಿಯಲ್ಲಿ ನಡೆದ ಅವಮಾನಗಳ ಕಥೆ ಎಲ್ಲರಿಗೂ ಗೊತ್ತಿದೆ, ಮತ್ತೆ ಬರೆಯುವುದಿಲ್ಲ. ಹೆಚ್ಚು ನೋವಾಗಿದ್ದು ಮನೆಯೊಳಗೆ. ಜನರ ಒತ್ತಡ ತಾಳಲಾರದೆ ಮಾವ ಗೋವಿಂದರಾವ್ ಅವರು ಶಾಲೆಯನ್ನಾದರೂ ಬಿಡಬೇಕು, ಇಲ್ಲವೇ ಮನೆಯನ್ನಾದರೂ ಬಿಡಬೇಕು ಎಂದರು. 1849ರಲ್ಲಿ ಗಂಡ ಹೆಂಡತಿ ಇಬ್ಬರೂ ಮನೆ ಬಿಟ್ಟರು. ಆಗ ಅವರಿಗೆ ನೆರಳು ಕೊಟ್ಟವರು ಗೆಳೆಯ ಉಸ್ಮಾನ್ ಶೇಖ್. ಅದೇ ಬಳಗದ ಫಾತಿಮಾ ಸಾವಿತ್ರಿಬಾಯಿಯವರ ಜೊತೆ ನಿಂತು ಕೆಲಸ ಮಾಡಿದರು. 1851ರ ಹೊತ್ತಿಗೆ ಪುಣೆಯಲ್ಲಿ ಮೂರು ಶಾಲೆಗಳಾಗಿ, ಸುಮಾರು 150 ಹುಡುಗಿಯರು ಓದುತ್ತಿದ್ದರು. 1852ರಲ್ಲಿ ಸರಕಾರ ಈ ದಂಪತಿಗೆ ಸನ್ಮಾನ ಮಾಡಿತು. 1854ರಲ್ಲಿ ಸಾವಿತ್ರಿಬಾಯಿಯವರ ಕವಿತೆಗಳ ಪುಸ್ತಕ ಕಾವ್ಯಫುಲೆ ಅಚ್ಚಾಯಿತು.

ಮನೆ ಬಿಟ್ಟು ಹೊರಬಿದ್ದ ಈ ಅನುಭವವನ್ನು ಅವರು ಮರೆಯಲಿಲ್ಲವೆಂದು ಕಾಣುತ್ತದೆ. ತಮಗೆ ಸ್ವಂತ ಸೂರು ಆದಮೇಲೆ ಆ ಸೂರಿನ ಕೆಳಗೆ ಯಾರು ಬಂದರೂ ಬೇಡವೆನ್ನಲಿಲ್ಲ.

ತವರಿಲ್ಲದವರ ತವರುಮನೆ

ಆ ಕಾಲದಲ್ಲಿ ಮೇಲ್ಜಾತಿಯ ಮನೆಗಳಲ್ಲಿ ಎಂಟು ಹತ್ತು ವರ್ಷದ ಹುಡುಗಿಯರನ್ನು ವಯಸ್ಸಾದವರಿಗೂ ಮದುವೆ ಮಾಡಿಕೊಡುತ್ತಿದ್ದರು. ಗಂಡ ಸತ್ತರೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಮೂಲೆಗೆ ತಳ್ಳುತ್ತಿದ್ದರು. ಮರುಮದುವೆಯ ಮಾತೇ ಇರಲಿಲ್ಲ. ಅಂಥವರನ್ನು ಮನೆಯ ಗಂಡಸರೋ ನೆಂಟರೋ ಕೆಡಿಸಿದರೆ ಬಸಿರಿನ ಭಾರ ಹೆಂಗಸಿನ ಮೇಲೆ ಮಾತ್ರ ಬೀಳುತ್ತಿತ್ತು. ಕೆರೆ ಬಾವಿ ನೋಡಿಕೊಳ್ಳುವುದು, ಇಲ್ಲವೇ ಹೆತ್ತ ಕೂಸನ್ನು ಇಲ್ಲವಾಗಿಸುವುದು, ಇವೆರಡೇ ದಾರಿ.

ಜ್ಯೋತಿಬಾ ಅವರ ಗೆಳೆಯರೊಬ್ಬರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಕಾಶೀಬಾಯಿ ಎಂಬ ಎಳೆಯ ವಿಧವೆಗೆ ಹೀಗೇ ಆಯಿತು. ಮೋಸ ಮಾಡಿದವನು ಕೈಬಿಟ್ಟ. ಆಕೆ ಹೆತ್ತ ಕೂಸನ್ನು ಕೊಂದು ಬಾವಿಗೆ ಹಾಕಿದಳು. ಸಿಕ್ಕಿಬಿದ್ದು ಅಂಡಮಾನಿಗೆ ಗಡೀಪಾರಾದಳು. ಮೋಸ ಮಾಡಿದವನಿಗೆ ಏನೂ ಆಗಲಿಲ್ಲ. ಈ ಪ್ರಕರಣ ಫುಲೆ ದಂಪತಿಯನ್ನು ಅಲ್ಲಾಡಿಸಿತು. 1863ರಲ್ಲಿ ಅವರು ತಮ್ಮ ಮನೆಯಲ್ಲೇ ಒಂದು ಆಶ್ರಯಧಾಮ ತೆರೆದರು. ಅದರ ಹೆಸರು ಬಾಲಹತ್ಯಾ ಪ್ರತಿಬಂಧಕ ಗೃಹ, ಅಂದರೆ ಶಿಶುಹತ್ಯೆ ತಡೆಯುವ ಮನೆ. ವಿಧವೆಯರು ಗುಟ್ಟಾಗಿ ಬಂದು ಇಲ್ಲಿ ಹೆರಿಗೆ ಮಾಡಿಸಿಕೊಳ್ಳಬಹುದು, ಕೂಸನ್ನು ಕರೆದುಕೊಂಡು ಹೋಗುವುದಾದರೆ ಹೋಗಬಹುದು, ಇಲ್ಲದಿದ್ದರೆ ಇಲ್ಲೇ ಬಿಡಬಹುದು ಎಂದು ಪುಣೆಯಲ್ಲಿ ಪ್ರಕಟಣೆ ಅಂಟಿಸಿದರು.

ಈ ಕೆಲಸದ ತೂಕ ನಮ್ಮೂರಿನ ಹೆಂಗಸರಿಗೆ ನಾನು ವಿವರಿಸಬೇಕಿಲ್ಲ. ಬಾಣಂತನ ಎಂದರೆ ಏನೆಂದು ಅವರಿಗೆ ಗೊತ್ತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ತಾಯಿ ಎಣ್ಣೆ ಹಚ್ಚಿ ಬಿಸಿನೀರು ಎರೆಯುತ್ತಾಳೆ, ಪಥ್ಯದ ಅಡುಗೆ ಮಾಡುತ್ತಾಳೆ, ರಾತ್ರಿಯೆಲ್ಲ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಾಳೆ. ಸ್ವಂತ ಮಗಳಿಗೆ ಇದನ್ನು ಮಾಡುವಾಗಲೇ ತಾಯಂದಿರ ಸೊಂಟ ಬೀಳುತ್ತದೆ. ಸಾವಿತ್ರಿಬಾಯಿ ಇದನ್ನು ಮಾಡಿದ್ದು ಗುರುತು ಪರಿಚಯವಿಲ್ಲದವರಿಗೆ. ತಮ್ಮ ಮೇಲೆ ಸಗಣಿ ಎರಚಿದ ಸಮಾಜದ್ದೇ ಮನೆಗಳಿಂದ ರಾತ್ರಿ ಮುಸುಕು ಹಾಕಿಕೊಂಡು ಬಂದ ಹುಡುಗಿಯರಿಗೆ. ತವರು ಬಾಗಿಲು ಮುಚ್ಚಿದವರಿಗೆ ಆ ಮನೆಯೇ ತವರಾಯಿತು. 1884ರವರೆಗೆ ಅಂಥ 35 ಹೆಂಗಸರು ಅಲ್ಲಿ ಹೆರಿಗೆಗೆ ಬಂದಿದ್ದರೆಂದು ಜ್ಯೋತಿಬಾ ದಾಖಲಿಸಿದ್ದಾರೆ. ಹುಟ್ಟಿದ ಕೂಸುಗಳಲ್ಲಿ ಬಹಳಷ್ಟು ಉಳಿಯಲಿಲ್ಲ. ಬಸಿರನ್ನು ಮುಚ್ಚಿಡಲು, ಕಳೆಯಲು ಆ ತಾಯಂದಿರು ತಿಂದ ಔಷಧ, ಪಟ್ಟ ಪಾಡು ಕೂಸುಗಳ ಮೇಲೂ ಬಿದ್ದಿರುತ್ತಿತ್ತು. ಒಂದೊಂದು ಕೂಸು ಹೋದಾಗಲೂ ಆ ಮನೆಯಲ್ಲಿ ಸೂತಕವೇ. ಆದರೂ ಬಾಗಿಲು ಮುಚ್ಚಲಿಲ್ಲ.

ಫುಲೆ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ. ಈ ಮನೆಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗುವನ್ನು 1874ರಲ್ಲಿ ಅವರು ದತ್ತು ತೆಗೆದುಕೊಂಡರು. ಯಶವಂತ ಎಂದು ಹೆಸರಿಟ್ಟರು. ಯಾರ ಮಗು, ಯಾವ ಜಾತಿ ಎಂದು ಊರೆಲ್ಲ ಆಡಿಕೊಂಡಿತು. ಸಾವಿತ್ರಿಬಾಯಿ ಆ ಹುಡುಗನನ್ನು ಓದಿಸಿ ವೈದ್ಯನನ್ನಾಗಿ ಮಾಡಿದರು. ಈ ಯಶವಂತನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಅದೇ ಮನೆಯಲ್ಲಿ ಬಡ ವಿದ್ಯಾರ್ಥಿಗಳೂ ಉಳಿದು ಓದುತ್ತಿದ್ದರು. ಬೇರೆ ಊರುಗಳಿಂದ ಬಂದ ಹುಡುಗರಿಗೆ ಊಟ, ಬಟ್ಟೆ, ಜ್ವರ ಬಂದರೆ ಔಷಧ ಎಲ್ಲ ಸಾವಿತ್ರಿಬಾಯಿಯವರದೇ ಜವಾಬ್ದಾರಿ. ಅವರನ್ನು ಕಣ್ಣಾರೆ ಕಂಡವರು ಬರೆದಿಟ್ಟ ನೆನಪುಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತದೆ. ಮನೆಗೆ ಬಂದವರು ಉಣ್ಣದೆ ಹೋಗುತ್ತಿರಲಿಲ್ಲ. ಹರಕು ಸೀರೆಯ ಹೆಂಗಸು ಕಂಡರೆ ತಮ್ಮ ಸೀರೆ ತೆಗೆದು ಕೊಟ್ಟುಬಿಡುತ್ತಿದ್ದರು. ಖರ್ಚು ಕೈಮೀರುತ್ತಿದೆ ಎಂದು ಜ್ಯೋತಿಬಾ ಎಚ್ಚರಿಸಿದರೆ, ಸಾಯುವಾಗ ಕಟ್ಟಿಕೊಂಡು ಹೋಗುವುದೇನಿದೆ ಎಂಬ ಅರ್ಥದ ಮಾತಾಡಿ ನಗುತ್ತಿದ್ದರಂತೆ. ಉಡಿಗೆ ತೊಡಿಗೆ ತೀರ ಸಾದಾ. ಕೊರಳಲ್ಲಿ ಮಂಗಳಸೂತ್ರ, ಹಣೆಯಲ್ಲಿ ಕುಂಕುಮ, ಅಷ್ಟೇ ಅವರ ಒಡವೆ. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ಈ ದಂಪತಿ ತೆರೆದುಕೊಟ್ಟರು.

ಅದೇ ವರ್ಷ ಸಾವಿತ್ರಿಬಾಯಿ ತವರಿನಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಗಂಡನಿಗೆ ಪತ್ರದಲ್ಲಿ ತಿಳಿಸಿದ್ದಾರೆ. ನಾಯಗಾಂವದಲ್ಲಿ ಬ್ರಾಹ್ಮಣ ತರುಣನೊಬ್ಬ ಮಹಾರ್ ಜಾತಿಯ ಹುಡುಗಿಯನ್ನು ಪ್ರೀತಿಸಿದ್ದ. ಆಕೆ ಬಸುರಾದ ಸುದ್ದಿ ತಿಳಿದು ಜನ ಇಬ್ಬರನ್ನೂ ಬೀದಿಯಲ್ಲಿ ಹೊಡೆಯುತ್ತ ಎಳೆದೊಯ್ಯುತ್ತಿದ್ದರು. ಕೊಂದೇ ಬಿಡುವ ರೋಷ ಅವರಲ್ಲಿತ್ತು. ಸಾವಿತ್ರಿಬಾಯಿ ನಡುವೆ ಹೋಗಿ ನಿಂತರು. ಕೊಂದರೆ ಸರಕಾರ ಬಿಡುವುದಿಲ್ಲ ಎಂದು ಎಚ್ಚರಿಸಿ ಜನರನ್ನು ತಡೆದರು. ಕಡೆಗೆ ಆ ಇಬ್ಬರೂ ಊರು ಬಿಟ್ಟು ಹೋಗಬೇಕೆಂದು ತೀರ್ಮಾನವಾಯಿತು. ಸಾವಿತ್ರಿಬಾಯಿ ಅವರನ್ನು ಪುಣೆಗೆ, ಗಂಡನ ಬಳಿಗೆ ಕಳುಹಿಸಿಕೊಟ್ಟರು. ಎರಡು ಜೀವ, ಹೊಟ್ಟೆಯಲ್ಲಿದ್ದದ್ದೂ ಸೇರಿದರೆ ಮೂರು ಜೀವ ಉಳಿಯಿತು.

ಬರದ ವರ್ಷಗಳು

1876ರಿಂದ 1878ರವರೆಗೆ ದಕ್ಷಿಣ ಭಾರತದ ಮೇಲೆ ಬಿದ್ದ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದರು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳೂ ಬೆಂದವು. ಅದೇ ಬರ ಪುಣೆ, ಸಾತಾರಾ, ಸೊಲ್ಲಾಪುರ ಭಾಗವನ್ನೂ ಸುಟ್ಟಿತು.

ಜ್ಯೋತಿಬಾ 1873ರ ಸೆಪ್ಟೆಂಬರ್ 24ರಂದು ಸತ್ಯಶೋಧಕ ಸಮಾಜ ಸ್ಥಾಪಿಸಿದ್ದರು. ಬರ ಬಂದಾಗ ಆ ಸಮಾಜದವರು ಊರೂರಿಗೆ ಹೋಗಿ ಗಂಜಿ ಹಂಚುವ ಕೆಲಸಕ್ಕೆ ಇಳಿದರು. ಸಾವಿತ್ರಿಬಾಯಿ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. 1877ರ ಏಪ್ರಿಲ್‌ನಲ್ಲಿ ಅವರು ಜುನ್ನರ ತಾಲೂಕಿನ ಓತೂರಿನಲ್ಲಿದ್ದರು. ಅಲ್ಲಿಂದ ಗಂಡನಿಗೆ ಬರೆದ ಪತ್ರದಲ್ಲಿ ಕಂಡದ್ದನ್ನೆಲ್ಲ ತಿಳಿಸಿದ್ದಾರೆ. ದನಕರುಗಳು ನೆಲಕ್ಕೆ ಬಿದ್ದು ಸಾಯುತ್ತಿದ್ದವು. ಜನ ಎಲೆ, ಗೆಡ್ಡೆ, ಹುಳುಕು ಹಣ್ಣು ತಿನ್ನುತ್ತಿದ್ದರು. ಕೆಲವರು ಹೆಂಡತಿ ಮಕ್ಕಳನ್ನೇ ಬಿಟ್ಟು ಹೊರಟುಹೋಗಿದ್ದರು. ಇಂಥ ಹೊತ್ತಿನಲ್ಲೂ ಸಾಲ ಕೊಟ್ಟವರ ಹಿಂಸೆ ನಿಂತಿರಲಿಲ್ಲ. ಜನ ತಿರುಗಿಬಿದ್ದು ಗಲಭೆಯಾದಾಗ ಪೊಲೀಸರು ಹಿಡಿದದ್ದು ಗಂಜಿ ಹಂಚುತ್ತಿದ್ದ ಸತ್ಯಶೋಧಕರನ್ನು. ಸಾವಿತ್ರಿಬಾಯಿ ಕಲೆಕ್ಟರ್ ಸಾಹೇಬರ ಎದುರು ಹೋಗಿ ನಿಂತು, ಇವರು ಲೂಟಿ ಮಾಡುವವರಲ್ಲ, ಹೊಟ್ಟೆಗೆ ಹಾಕುವವರು ಎಂದು ಬಿಡಿಸಿ ಹೇಳಿದರು. ಕಲೆಕ್ಟರ್ ಅವರನ್ನೆಲ್ಲ ಬಿಟ್ಟದ್ದಷ್ಟೇ ಅಲ್ಲ, ನಾಲ್ಕು ಚಕ್ಕಡಿ ಜೋಳವನ್ನೂ ಕಳುಹಿಸಿಕೊಟ್ಟರು.

ಪುಣೆಯ ಹತ್ತಿರದ ಧನಕವಡಿಯಲ್ಲಿ ತಬ್ಬಲಿ ಮಕ್ಕಳಿಗಾಗಿ ಅನ್ನದಾನದ ಬಿಡಾರ ನಡೆಯಿತು. ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ತಟ್ಟಿ, ಮಕ್ಕಳಿಗೆ ಹಂಚಿದರು. ಇಂದು ಸಾವಿರಾರು ಶಾಲೆಗಳಲ್ಲಿ ಬಿಸಿಯೂಟದ ಒಲೆ ಉರಿಯುತ್ತದೆ. ನಮ್ಮ ಶಾಲೆಯಲ್ಲೂ ಬೆಳಗ್ಗೆ ಒಂಬತ್ತಕ್ಕೆ ಬಂದು ಬೇಳೆ ತೊಳೆಯುವ ಅಕ್ಕಂದಿರನ್ನು ಕಂಡಾಗ ನನಗೆ ಆ ಧನಕವಡಿಯ ಒಲೆ ನೆನಪಾಗುತ್ತದೆ. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ಸಾವಿತ್ರಿಬಾಯಿಗೆ ಯಾವ ಯೋಜನೆಯ ಸುತ್ತೋಲೆಯೂ ಬೇಕಾಗಿರಲಿಲ್ಲ.

ಗಂಡನ ಹಾಸಿಗೆಯ ಪಕ್ಕ

1888ರ ಜುಲೈನಲ್ಲಿ ಜ್ಯೋತಿಬಾ ಅವರಿಗೆ ಲಕ್ವಾ ಹೊಡೆಯಿತು. ದೇಹದ ಬಲಭಾಗ ಬಿದ್ದುಹೋಯಿತು. ಡಾಕ್ಟರ್ ವಿಶ್ರಾಮ ಘೋಲೆಯವರು ಚಿಕಿತ್ಸೆ ಮಾಡಿದರು. ಮನೆಯಲ್ಲಿ ಲಕ್ವಾ ಹೊಡೆದವರನ್ನು ನೋಡಿಕೊಂಡವರಿಗೆ ಗೊತ್ತು, ಅದು ಒಂದು ದಿನದ ಕೆಲಸವಲ್ಲ. ಎಬ್ಬಿಸಬೇಕು, ಕೂರಿಸಬೇಕು, ಉಣ್ಣಿಸಬೇಕು, ಮೈ ಒರೆಸಬೇಕು. ರೋಗಿ ಸಿಡುಕಿದರೆ ಸಹಿಸಿಕೊಳ್ಳಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ಸಾವಿತ್ರಿಬಾಯಿ ಮತ್ತು ಯಶವಂತ ಅದನ್ನು ಮಾಡಿದರು. ಆ ಆರೈಕೆಯ ಬಲದಿಂದಲೇ ಜ್ಯೋತಿಬಾ ಎಡಗೈಯಲ್ಲಿ ಬರೆದು ತಮ್ಮ ಕೊನೆಯ ಪುಸ್ತಕ ಸಾರ್ವಜನಿಕ ಸತ್ಯಧರ್ಮವನ್ನು ಮುಗಿಸಿದರು. ಆ ಪುಸ್ತಕದ ಮೇಲೆ ಒಬ್ಬರ ಹೆಸರಿದೆ. ಅದರ ಹಿಂದೆ ನಿದ್ದೆಗೆಟ್ಟವರ ಹೆಸರು ಎಲ್ಲೂ ಇಲ್ಲ.

ಈ ನಡುವೆಯೇ, 1889ರ ಫೆಬ್ರವರಿಯಲ್ಲಿ ಯಶವಂತನ ಮದುವೆಯಾಯಿತು. ಹುಟ್ಟಿನ ಕಾರಣಕ್ಕೆ ಅವನಿಗೆ ಹೆಣ್ಣು ಕೊಡಲು ಹಿಂಜರಿಯುವವರೇ ಹೆಚ್ಚು. ಸತ್ಯಶೋಧಕ ಸಮಾಜದ ಸಾಸನೆ ಎಂಬ ಮನೆತನದವರು ಮುಂದೆ ಬಂದರು. ಮದುವೆಗೆ ಮೊದಲೇ ಸಾವಿತ್ರಿಬಾಯಿ ಆ ಹುಡುಗಿ ರಾಧೆಯನ್ನು ಮನೆಗೆ ಕರೆತಂದು ಇಟ್ಟುಕೊಂಡರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಅರಿಯಲಿ, ಅವಳ ಓದೂ ಮುಂದುವರಿಯಲಿ ಎಂಬುದು ಅವರ ಎಣಿಕೆ. ಒಂಬತ್ತು ವರ್ಷಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ತನ್ನ ಸೊಸೆಯ ವಿಷಯದಲ್ಲಿ ಹೀಗೆ ಯೋಚಿಸಿದ್ದು ಸಣ್ಣ ಮಾತಲ್ಲ.

1890ರ ನವೆಂಬರ್ 28ರಂದು ಜ್ಯೋತಿಬಾ ತೀರಿಕೊಂಡರು. ಶವಯಾತ್ರೆಯ ಮುಂದೆ ಕೆಂಡದ ಮಡಕೆ ಹಿಡಿಯುವವನೇ ವಾರಸುದಾರ ಎಂಬುದು ರೂಢಿ. ದತ್ತು ಮಗನಿಗೆ ಆ ಹಕ್ಕಿಲ್ಲ ಎಂದು ಜ್ಯೋತಿಬಾ ಅವರ ಕಡೆಯ ನೆಂಟರು ತಕರಾರು ತೆಗೆದರು. ಸಾವಿನ ಮನೆಯಲ್ಲಿ ಜಗಳ ಬೆಳೆಯುವುದರೊಳಗೆ ಸಾವಿತ್ರಿಬಾಯಿ ತಾವೇ ಮಡಕೆ ಎತ್ತಿಕೊಂಡು ಮುಂದೆ ನಡೆದರು. ಹೆಂಗಸರು ಸ್ಮಶಾನದ ಕಡೆ ತಲೆ ಹಾಕದ ಕಾಲವದು. ನಮ್ಮ ಊರುಗಳಲ್ಲಿ ಇವತ್ತಿಗೂ ಹೆಣ್ಣುಮಗಳು ಮಡಕೆ ಹಿಡಿದರೆ ಸುದ್ದಿಯಾಗುತ್ತದೆ.

ಗಂಡ ಹೋದ ಮೇಲೆ ಸತ್ಯಶೋಧಕ ಸಮಾಜದ ಹೊಣೆ ಸಾವಿತ್ರಿಬಾಯಿಯವರ ಮೇಲೆ ಬಿತ್ತು. 1893ರಲ್ಲಿ ಸಾಸವಡದಲ್ಲಿ ನಡೆದ ಅದರ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1895ರಲ್ಲಿ ಸೊಸೆ ರಾಧೆ ತೀರಿಕೊಂಡಳು. ಗಂಡ, ಸೊಸೆ ಇಬ್ಬರನ್ನೂ ಕಳೆದುಕೊಂಡ ಅರವತ್ತೈದರ ಹತ್ತಿರದ ಮುದುಕಿ ಇನ್ನು ಮನೆಯಲ್ಲಿ ಕುಳಿತರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಪ್ಲೇಗಿನ ಮಾರ್ಚ್

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1897ರ ಆರಂಭದ ಹೊತ್ತಿಗೆ ಪುಣೆಗೂ ಹಬ್ಬಿತು. ಇಲಿ ಬಿದ್ದರೆ ಊರು ಬಿಡುವ ಕಾಲವನ್ನು ನಮ್ಮ ಊರಿನ ಅಜ್ಜಿಯಂದಿರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದರು. ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಮರುವರ್ಷ, 1898ರಲ್ಲಿ, ಬೆಂಗಳೂರಿಗೂ ಅದೇ ರೋಗ ಬಂತು. ಪ್ಲೇಗಮ್ಮನ ಗುಡಿಗಳು ಎದ್ದದ್ದು, ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲೇ.

ಪ್ಲೇಗು ಬಂದವರಿಗೆ ಜ್ವರ ಏರಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಏಳುತ್ತಿತ್ತು. ಬಹಳ ಜನ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ರೋಗಾಣುವನ್ನು 1894ರಲ್ಲಿ ಕಂಡುಹಿಡಿದಿದ್ದರೂ, ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂಬುದು 1897ರಲ್ಲಿ ಇನ್ನೂ ತಿಳಿದಿರಲಿಲ್ಲ. ಗುಣಪಡಿಸುವ ಔಷಧಿ ಬರಲು ಇನ್ನೂ ಸುಮಾರು ಐವತ್ತು ವರ್ಷ ಬೇಕಾಗಿತ್ತು. ರೋಗಿಯ ಹತ್ತಿರ ಹೋದರೆ ಸಾವು ಎಂಬುದಷ್ಟೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಗಾಗಿ ಹೆತ್ತವರೇ ಮಕ್ಕಳ ಹತ್ತಿರ ಹೋಗಲು ಹೆದರುತ್ತಿದ್ದರು. ಮೊನ್ನೆ ಮೊನ್ನೆ ಕೊರೋನಾ ಬಂದಾಗ ನಾವೂ ಇದನ್ನು ಕಂಡೆವು. ಬೀದಿಗೆ ಮುಳ್ಳು ಹಾಕಿದ್ದು, ಸತ್ತವರಿಗೆ ಹೆಗಲು ಕೊಡಲು ಜನ ಸಿಗದೆ ಹೋದದ್ದು ಎಷ್ಟೋ ಊರುಗಳ ನೆನಪು. ಭಯ ಆಗಲೂ ಇತ್ತು, ಈಗಲೂ ಇದೆ. ಭಯಪಟ್ಟವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ.

ಸಾವಿತ್ರಿಬಾಯಿ ಸೈನ್ಯದ ವೈದ್ಯಕೀಯ ಸೇವೆಯಲ್ಲಿದ್ದ ಯಶವಂತನನ್ನು ಕರೆಸಿಕೊಂಡರು. ಪುಣೆಯ ಹೊರಗೆ, ಹಡಪಸರದ ಹತ್ತಿರ ಸಾಸನೆಯವರ ತೋಟದಲ್ಲಿ ಚಿಕಿತ್ಸಾ ಬಿಡಾರ ಹಾಕಿಸಿದರು. ಮಗ ವೈದ್ಯ, ತಾಯಿ ದಾದಿ. ರೋಗಿಗಳು ಬರಲಿ ಎಂದು ಅವರು ಕಾಯಲಿಲ್ಲ. ಯಾರ ಮನೆಯಲ್ಲಿ ರೋಗಿ ಬಿದ್ದಿದ್ದಾನೆ ಎಂದು ವಿಚಾರಿಸಿ ತಾವೇ ಹೋಗಿ ಕರೆತರುತ್ತಿದ್ದರು. ಸರಕಾರ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ಶೋಧ ನಡೆಸಿದ್ದು, ಅದರಿಂದ ಜನ ರೊಚ್ಚಿಗೆದ್ದು ಜೂನ್ 22ರಂದು ರ‍್ಯಾಂಡ್ ಸಾಹೇಬನ ಮೇಲೆ ಗುಂಡು ಹಾರಿದ್ದು ಎಲ್ಲ ಆಮೇಲಿನ ಮಾತು. ಚರಿತ್ರೆಯ ಪಾಠದಲ್ಲಿ ಆ ಗುಂಡಿನ ಕಥೆಗೆ ಒಂದು ಪುಟ ಸಿಗುತ್ತದೆ. ಅದಕ್ಕೆ ಮೊದಲೇ, ಯಾರ ಒತ್ತಾಯವೂ ಇಲ್ಲದೆ, ಒಬ್ಬ ಮುದುಕಿ ರೋಗಿಗಳ ತಲೆ ಸವರಿ ಕರೆದುಕೊಂಡು ಬರುತ್ತಿದ್ದಳು ಎಂಬುದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಮುಂಢವಾ ಎಂಬ ಊರಿನ ಹೊರಗೆ ಮಹಾರರ ಕೇರಿ. ಅಲ್ಲಿ ಗಾಯಕವಾಡ ಮನೆತನದ ಹುಡುಗನೊಬ್ಬನಿಗೆ ಪ್ಲೇಗು ಬಂದ ಸುದ್ದಿ ತಿಳಿಯಿತು. ಸಾವಿತ್ರಿಬಾಯಿ ಹೋದರು. ಜ್ವರದಲ್ಲಿ ಬಿದ್ದಿದ್ದ ಹುಡುಗನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು ಬಿಡಾರಕ್ಕೆ ಹೊತ್ತು ತಂದರು. ನಡೆದವರ ವಯಸ್ಸು 66. ಹೊತ್ತದ್ದು ಅಸ್ಪೃಶ್ಯನೆನಿಸಿಕೊಂಡ ಮಗು, ಅದೂ ಪ್ಲೇಗಿನ ಮಗು. ಎರಡು ಬಗೆಯ ಮುಟ್ಟಬಾರದು ಎಂಬ ಕಟ್ಟಳೆಯನ್ನು ಅವರು ಒಂದೇ ಸಲಕ್ಕೆ ಮುರಿದರು.

ಈ ಭಾಗವನ್ನು ತರಗತಿಯಲ್ಲಿ ಹೇಳಿದಾಗೆಲ್ಲ ಮಕ್ಕಳು ಕೇಳುವ ಪ್ರಶ್ನೆ ಒಂದೇ. ಆ ಹುಡುಗ ಏನಾದ? ಹುಡುಗ ಉಳಿದುಕೊಂಡನೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಸಾವಿತ್ರಿಬಾಯಿಗೆ ರೋಗ ತಗುಲಿತು. 1897ರ ಮಾರ್ಚ್ 10ರ ರಾತ್ರಿ ಅವರು ತೀರಿಕೊಂಡರು. ಮಗ ಯಶವಂತ ಮುಂದೆಯೂ ವೈದ್ಯ ವೃತ್ತಿಯಲ್ಲೇ ಇದ್ದು, 1905ರಲ್ಲಿ ಅದೇ ಪ್ಲೇಗಿಗೆ ಬಲಿಯಾದರು. ಹುಟ್ಟುವ ಮೊದಲೇ ಜಗತ್ತು ಬೇಡವೆಂದಿದ್ದ ಕೂಸು ಜಗತ್ತಿಗೆ ಮದ್ದು ಕೊಡುತ್ತ ಜೀವ ಬಿಟ್ಟಿತು. ಸಾವಿತ್ರಿಬಾಯಿಯವರ ಆರೈಕೆ ಎಂಥದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮಗೆ ಉಳಿದದ್ದು

1998ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು, ಅದೂ ಅವರು ತೀರಿಕೊಂಡ ಮಾರ್ಚ್ 10ರಂದೇ. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟರು. ಅವರು ಬಾಳಿದ ಮನೆ ಫುಲೆ ವಾಡೆ ಇಂದಿಗೂ ಪುಣೆಯಲ್ಲಿದೆ. ಅವರಿಗೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಲ್ಲುತ್ತಿದೆ ಎಂಬುದು ಸಂತೋಷದ ಸಂಗತಿ.

ಆದರೆ ನನ್ನ ಕಳವಳ ಬೇರೆ. ಅಕ್ಷರ ಕಲಿಸುವ ಕೆಲಸಕ್ಕೆ ನಾವು ಗೌರವ ಕೊಡುತ್ತೇವೆ, ಸಂಬಳ ಕೊಡುತ್ತೇವೆ, ಸೆಪ್ಟೆಂಬರ್ 5ರಂದು ಶಾಲು ಹೊದಿಸುತ್ತೇವೆ. ಆರೈಕೆ ಮಾಡುವ ಕೆಲಸವನ್ನು ಹೆಂಗಸರ ಪಾಲಿಗೆ ಹುಟ್ಟಿನಿಂದ ಬಂದದ್ದು ಎಂದು ಬಿಟ್ಟುಬಿಡುತ್ತೇವೆ. ನನ್ನ 19 ವರ್ಷಗಳಲ್ಲಿ ಎಂಟನೆಯ, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿಯರ ಮನೆಗೆ ಹೋದಾಗ ಕೇಳಿದ ಕಾರಣಗಳಲ್ಲಿ ಮದುವೆಯಷ್ಟೇ ಸಲ ಬಂದದ್ದು ಇದು: ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಳ್ಳಲು ಇವಳೇ ಇರಬೇಕು. ಅಣ್ಣ ತಮ್ಮಂದಿರು ಶಾಲೆಗೆ ಬರುತ್ತಲೇ ಇದ್ದರು. ಸಾವಿತ್ರಿಬಾಯಿಯವರನ್ನು ಆರೈಕೆಯ ತಾಯಿ ಎಂದು ಕೊಂಡಾಡಿ, ಆರೈಕೆಯ ಹೊರೆಯನ್ನು ಓದುವ ಹುಡುಗಿಯ ತಲೆಗೆ ಕಟ್ಟಿದರೆ ಅದು ಅವರಿಗೆ ಮಾಡಿದ ಅನ್ಯಾಯ. ಅವರ ಮನೆಯಲ್ಲಿ ಮಗ ತಾಯಿಯ ಜೊತೆ ನಿಂತು ರೋಗಿಗಳ ಸೇವೆ ಮಾಡಿದ, ಲಕ್ವಾ ಹೊಡೆದ ತಂದೆಯನ್ನು ಎತ್ತಿ ಕೂರಿಸಿದ. ಇದನ್ನು ನಮ್ಮ ಹುಡುಗರಿಗೂ ಹೇಳಬೇಕು. ಮಗಳು ಓದಲಿ, ಮಗ ಗಂಜಿ ಕಾಯಿಸುವುದನ್ನು ಕಲಿಯಲಿ. ಎರಡೂ ವಿದ್ಯೆಯೇ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಎಂಜಿನಿಯರರಿದ್ದಾರೆ, ಸೈನಿಕರಿದ್ದಾರೆ, ಶಿಕ್ಷಕರಿದ್ದಾರೆ. ದೂರದ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ನರ್ಸುಗಳಿದ್ದಾರೆ. ಊರಲ್ಲೇ ಆಶಾ ಕಾರ್ಯಕರ್ತೆಯರಾಗಿ, ಅಂಗನವಾಡಿ ಕಾರ್ಯಕರ್ತೆಯರಾಗಿ ಬಸುರಿ ಬಾಣಂತಿಯರ ಮನೆ ತಿರುಗುವವರಿದ್ದಾರೆ. ಯಾವ ಹುದ್ದೆಯೂ ಇಲ್ಲದೆ ಮನೆಯಲ್ಲಿ ಅತ್ತೆ ಮಾವಂದಿರ ಹಾಸಿಗೆ ಬದಲಿಸುತ್ತ ವರ್ಷಗಳನ್ನು ಕಳೆದವರೂ ಇದ್ದಾರೆ. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಸಾಧಕರಿಗೆ ಸನ್ಮಾನ ಮಾಡುವಾಗ ಈ ಕೊನೆಯ ಮೂರು ಬಗೆಯವರ ಹೆಸರನ್ನೂ ಓದಿರೆಂದು ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನೊಂದು ಕೋರಿಕೆ ನನ್ನ ನಂತರ ಬಂದಿರುವ ಶಿಕ್ಷಕ ಶಿಕ್ಷಕಿಯರಲ್ಲಿ. ಮಾರ್ಚ್ 10 ಪರೀಕ್ಷೆಯ ಕಾಲ ಎಂಬುದು ನನಗೆ ಗೊತ್ತು. ದೊಡ್ಡ ಕಾರ್ಯಕ್ರಮ ಬೇಡ, ಹಾರ ತುರಾಯಿ ಬೇಡ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಐದು ನಿಮಿಷ ತೆಗೆದು, ಮುಂಢವಾದ ಕೇರಿಯಿಂದ ಹಡಪಸರದ ತೋಟದವರೆಗೆ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ನಡೆದ ಶಿಕ್ಷಕಿಯ ಕಥೆಯನ್ನು ಮಕ್ಕಳಿಗೆ ಹೇಳಿ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಆ ದಿನ ಸಂಜೆ ಅವರ ಪಕ್ಕ ಸ್ವಲ್ಪ ಹೊತ್ತು ಕೂತು ಬನ್ನಿ ಎಂದು ಹೇಳಿ ಕಳುಹಿಸಿ. ಐವತ್ತು ವರ್ಷ ಸಾವಿರಾರು ಮಕ್ಕಳಿಗೆ ಅಕ್ಷರ ಕೊಟ್ಟ ನಮ್ಮ ಶಾಲೆಗೆ ಇದೇನೂ ದೊಡ್ಡ ಕೆಲಸವಲ್ಲ.